ಇಷ್ಟದ ಲೇಖಕನ ಮನೆಯ ಕಥೆ ಗೊತ್ತಾದ ಮೇಲೂ ದುಃಖಪಡಬಹುದಾ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಅಮೆರಿಕದ ಮನೋವೈದ್ಯ ಎಂ. ಸ್ಕಾಟ್ ಪೆಕ್ ಬರೆದ ‘ದಿ ರೋಡ್ ಲೆಸ್ ಟ್ರಾವೆಲ್ಡ್’ ನಿಮ್ಮ ಕೆಟ್ಟ ದಿನಗಳಲ್ಲಿ ಕೈಹಿಡಿಯಿತು. ಥ್ಯಾಂಕ್ಸ್ ಹೇಳಿ ಒಂದು ಪತ್ರ ಬರೆಯೋಣ ಎಂದು ವಿಳಾಸ ಹುಡುಕಿದಿರಿ. ಅವರು 2005ರಲ್ಲೇ ತೀರಿಹೋಗಿದ್ದು ಗೊತ್ತಾಯಿತು. ಅದರ ಬೆನ್ನಿಗೇ ಅವರು ಹೆಂಡತಿಗೆ ಮೋಸ ಮಾಡಿದ್ದು, ಕುಡಿತ, ಮಕ್ಕಳು ದೂರವಾದದ್ದು ಎಲ್ಲ ಗೊತ್ತಾಯಿತು. ಇಂಥವರಿಗಾಗಿ ಅಳುವುದು ಸರಿಯಾ ಎಂದು ಕೇಳಿದ್ದೀರಿ.

ಸರಿ. ಸಂಕೋಚ ಬೇಡ. ಆದರೆ ಅವರನ್ನು ಕ್ಷಮಿಸುವ ಕೆಲಸ ಮಾತ್ರ ನಿಮ್ಮ ತಲೆ ಮೇಲೆ ಹಾಕಿಕೊಳ್ಳಬೇಡಿ. ಅದು ನಿಮ್ಮದೂ ಅಲ್ಲ, ನನ್ನದೂ ಅಲ್ಲ.

ನನಗೂ ಅವರ ಋಣ ಇದೆ. ಉಡುಪಿಯಲ್ಲಿ ನನ್ನದೊಂದು ಸಣ್ಣ ಪ್ರೆಸ್. ಮದುವೆ ಕಾಗದ, ಬಿಲ್ ಬುಕ್, ಬೊಜ್ಜದ (ಉತ್ತರಕ್ರಿಯೆಯ) ಕಾಗದ, ಇಷ್ಟೇ ಕೆಲಸ. ತೊಂಬತ್ತರ ದಶಕದ ಕೊನೆಗೆ ಪ್ರೆಸ್ ಮುಚ್ಚುವ ಹಂತಕ್ಕೆ ಬಂದಿತ್ತು. ಕೆಲಸ ಇರಲಿಲ್ಲ ಎಂದಲ್ಲ. ಬಾಕಿ ವಸೂಲಿಗೆ ಹೋಗಲು ನಾಚಿಕೆ, ಲೆಕ್ಕ ಬರೆಯಲು ಬೇಜಾರು, ಯಂತ್ರ ಕೆಟ್ಟರೆ ಭಯ. ಮಣಿಪಾಲದಲ್ಲಿ ಓದುತ್ತಿದ್ದ ಹುಡುಗನೊಬ್ಬ ಪ್ರಾಜೆಕ್ಟ್ ಬೈಂಡಿಂಗ್‌ಗೆ ಬಂದವನು ಆ ಪುಸ್ತಕ ಬಿಟ್ಟುಹೋದ. ವಾಪಸ್ ಬರಲೇ ಇಲ್ಲ.

ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ಓದಿದೆ. ಮೊದಲ ವಾಕ್ಯವೇ ಬದುಕು ಕಷ್ಟ ಎಂದು. ನನಗೆ ಅಲ್ಲೇ ಅರ್ಧ ಸಮಾಧಾನ ಆಯಿತು. ಅಲ್ಲಿವರೆಗೆ ಕಷ್ಟ ನನಗೊಬ್ಬನಿಗೇ ಎಂದುಕೊಂಡಿದ್ದೆ.

ಅದರಲ್ಲಿ ಕೇಕ್ ತಿನ್ನುವ ಹೆಂಗಸಿನ ಕಥೆ ಇದೆ, ನಿಮಗೆ ನೆನಪಿರಬೇಕು. ಆಫೀಸ್ ಕೆಲಸ ಮುಂದೂಡುವವಳು, ಕೇಕಿನ ಮೇಲಿನ ಕ್ರೀಮನ್ನೇ ಮೊದಲು ತಿಂದು ಮುಗಿಸುತ್ತಿದ್ದಳು. ಮೊದಲ ಒಂದು ಗಂಟೆ ಬೇಡದ ಕೆಲಸ ಮಾಡಿಬಿಟ್ಟರೆ ಉಳಿದ ಆರು ಗಂಟೆ ಆರಾಮ ಎಂದು ಪೆಕ್ ಅವಳಿಗೆ ತೋರಿಸಿಕೊಡುತ್ತಾರೆ. ನಾನು ಮರುದಿನದಿಂದಲೇ ಬೆಳಿಗ್ಗೆ ಒಂಬತ್ತರಿಂದ ಹತ್ತರವರೆಗೆ ಲೆಕ್ಕದ ಪುಸ್ತಕ ತೆಗೆದೆ. ಇವತ್ತಿಗೂ ಹಾಗೇ.

ಇನ್ನೊಂದು, ಬ್ರೇಕ್ ಕಥೆ. ತನಗೆ ರಿಪೇರಿ ಗಿಪೇರಿ ಬರುವುದಿಲ್ಲ ಎಂದೇ ನಂಬಿದ್ದ ಮನುಷ್ಯ ಪೆಕ್. ನೀವು ಅದಕ್ಕೆ ಟೈಮ್ ಕೊಡುವುದಿಲ್ಲ, ಅಷ್ಟೇ ಎಂದು ಪಕ್ಕದ ಮನೆಯವರು ಹೇಳುತ್ತಾರೆ. ಆಮೇಲೊಮ್ಮೆ ರೋಗಿಯೊಬ್ಬಳ ಕಾರಿನ ಪಾರ್ಕಿಂಗ್ ಬ್ರೇಕ್ ಸಿಕ್ಕಿಕೊಂಡಾಗ ಕಾರಿನೊಳಗೆ ಮಲಗಿ, ಸುಮ್ನೆ ನೋಡುತ್ತಾ ನೋಡುತ್ತಾ, ತಡೆಯುತ್ತಿದ್ದ ಚಿಕ್ಕ ಕೊಂಡಿಯನ್ನು ಹುಡುಕಿ ಬೆರಳಲ್ಲೇ ಬಿಡಿಸುತ್ತಾರೆ. ಅದನ್ನು ಓದಿದ ಮಳೆಗಾಲದಲ್ಲೇ ನನ್ನ ಟ್ರೆಡಲ್ ಅಚ್ಚು ಯಂತ್ರ ನಿಂತಿತು. ಮೆಕ್ಯಾನಿಕ್ ಮಂಗಳೂರಿನಿಂದ ಬರಬೇಕು, ಎರಡು ದಿನ ಆಗುತ್ತದೆ ಎಂದ. ನಾನು ಗೋಣಿಚೀಲ ಹಾಸಿ ಯಂತ್ರದ ಅಡಿಗೆ ಟಾರ್ಚ್ ಹಿಡಿದು ಮಲಗಿದೆ. ಮುಕ್ಕಾಲು ಗಂಟೆ ಬರೀ ನೋಡಿದೆ. ಒಂದು ಸ್ಪ್ರಿಂಗ್ ಕೊಕ್ಕೆಯಿಂದ ಜಾರಿತ್ತು. ಸಿಕ್ಕಿಸಿ ಚಕ್ರ ತಿರುಗಿಸಿದರೆ ಟಕ ಟಕ ಶುರು. ಆ ಪುಟದಲ್ಲಿ ಇನ್ನೂ ನನ್ನ ಹೆಬ್ಬೆರಳಿನ ಗ್ರೀಸ್ ಇದೆ.

ಪೆಕ್ 2005ರ ಸೆಪ್ಟೆಂಬರ್ 25ರಂದು ತೀರಿಕೊಂಡರು. 69 ವರ್ಷ. ಸರ್ವಿಸ್ ಬಸ್ ಸ್ಟ್ಯಾಂಡ್ ಹತ್ತಿರದ ಸೈಬರ್ ಕೆಫೆಯಲ್ಲಿ ನನಗದು ಗೊತ್ತಾಯಿತು, ಉಳಿದದ್ದೂ ಅಲ್ಲೇ. ಸಂಬಂಧಗಳ ವಿಷಯವನ್ನು ಅವರೇ 1995ರಲ್ಲಿ ಒಂದು ಪುಸ್ತಕದಲ್ಲಿ ಒಪ್ಪಿಕೊಂಡಿದ್ದರು. 1959ರಲ್ಲಿ ಮದುವೆಯಾದ ಲಿಲಿ ಜೊತೆಗಿನ ಸಂಸಾರ ಕೊನೆಯ ವರ್ಷಗಳಲ್ಲಿ ವಿಚ್ಛೇದನಕ್ಕೆ ಬಂತು. ಪ್ರೀತಿ ಎಂದರೆ ಬರೀ ಭಾವನೆ ಅಲ್ಲ, ದಿನಾ ಮನಸ್ಸಿಟ್ಟು ಮಾಡುವ ಕೆಲಸ ಎಂದು ಬರೆದವರು ಅವರು. ನನಗೆ ಜಾಸ್ತಿ ಚುಚ್ಚಿದ್ದು ಅದೇ. ಒಂದು ವಾರ ಆ ಪುಸ್ತಕ ಮುಟ್ಟಲಿಲ್ಲ.

ನನಗೆ ದಾರಿ ತೋರಿಸಿದ್ದು ಒಂದು ಬೊಜ್ಜ. ನಮಗೆ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದ ಮಾಸ್ಟ್ರು ತೀರಿಕೊಂಡರು. ಕಾಗದ ಅಚ್ಚು ಹಾಕಿದ್ದು ನಾನೇ. ನುಡಿನಮನಕ್ಕೂ ನನ್ನನ್ನೇ ನಿಲ್ಲಿಸಿದರು. ಫೀಸು ಕಟ್ಟಿದ್ದು, ರಾತ್ರಿ ಪಾಠ ಹೇಳಿದ್ದು, ಎಲ್ಲ ಹೇಳಿದೆ, ಕಣ್ಣು ತುಂಬಿತು. ಒಂದಕ್ಷರ ಸುಳ್ಳಿರಲಿಲ್ಲ. ಊಟ ಮುಗಿಸಿ ಕೈತೊಳೆಯುವಾಗ ಅವರ ಮಗಳು ನೀರಿನ ಚೊಂಬು ಕೊಟ್ಟು ಹೇಳಿದಳು, “ಅಣ್ಣ, ನೀವು ಹೇಳಿದ್ದು ಸರಿಯೇ. ಆದರೆ ಆ ಮಾಸ್ಟ್ರು ನಮ್ಮ ಮನೆಗೆ ಬರ್ತಾ ಇರಲಿಲ್ಲ.” ಅಮ್ಮನ ಕೈಯ ಗಾಯದ ಗುರುತನ್ನೂ ತೋರಿಸಿದಳು. ನಾನು ಏನು ಹೇಳಲಿ? ಪಾಪ ಒಳ್ಳೆಯವರಿದ್ದರು ಎಂದರೆ ಅವಳ ಬಾಯಿ ಮುಚ್ಚಿಸಿದ ಹಾಗೆ. ನಾನು ಹೇಳಿದ್ದೆಲ್ಲ ತಪ್ಪು ಎಂದರೆ ನನಗೆ ಅಕ್ಷರ ಕೊಟ್ಟ ಕೈಗೆ ದ್ರೋಹ. “ನನಗೆ ಗೊತ್ತಿರಲಿಲ್ಲ ತಂಗಿ” ಎಂದಷ್ಟೇ ಹೇಳಿ ಅಲ್ಲೇ ನಿಂತೆ. ಅವಳು ಇನ್ನೂ ಸ್ವಲ್ಪ ಹೇಳಿದಳು. ಕೇಳಿದೆ.

ಪೆಕ್ ವಿಷಯದಲ್ಲೂ ನಾನು ಅಲ್ಲೇ ನಿಂತಿದ್ದೇನೆ. ಲಿಲಿ ಅನುಭವಿಸಿದ್ದನ್ನು ನಾನು ಅನುಭವಿಸಲಿಲ್ಲ. ಹಾಗಾಗಿ “ಎಲ್ಲರೂ ಮನುಷ್ಯರೇ ಅಲ್ವಾ, ಬಿಡಿ” ಎನ್ನಲು ನನಗೆ ಬಾಯಿಲ್ಲ. ಒಪ್ಪಿಕೊಂಡರಲ್ಲ ಎನ್ನುವವರಿದ್ದಾರೆ. ಸಾವಿರಾರು ಓದುಗರ ಮುಂದೆ ಒಪ್ಪಿಕೊಂಡ ಮಾತ್ರಕ್ಕೆ ಮನೆಯವರ ಬಾಕಿ ತೀರುವುದಿಲ್ಲ. ಆದರೆ ಗೋಣಿಚೀಲದ ಮೇಲೆ ಮಲಗಿದ ಆ ಮುಕ್ಕಾಲು ಗಂಟೆ ನನ್ನದು. ಅದನ್ನು ಕೊಟ್ಟವರು ಹೋದರು ಎಂದು ನನಗೆ ಸಂಕಟ ಆಯಿತು, ಈಗಲೂ ಆಗುತ್ತದೆ. ಅದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ.

ಬರೆಯಬೇಕೆಂದಿದ್ದ ಪತ್ರವನ್ನು ನೀವು ಬರೆದೇಬಿಡಿ, ಕಳಿಸಲು ವಿಳಾಸ ಇಲ್ಲದಿದ್ದರೂ. ಥ್ಯಾಂಕ್ಸ್ ಬರೆಯಿರಿ. ಸಿಟ್ಟು ಇದ್ದರೆ ಅದನ್ನೂ ಅದೇ ಹಾಳೆಯಲ್ಲಿ ಬರೆಯಿರಿ.

ಕಳೆದ ತಿಂಗಳು ಪಕ್ಕದ ಅಂಗಡಿಯ ಹುಡುಗ, ಡಿಗ್ರಿಯಲ್ಲಿ ಫೇಲಾಗಿ ಮಂಕಾಗಿ ಕೂತವನು, ಓದಲು ಏನಾದರೂ ಕೊಡಿ ಎಂದ. ಆ ಗ್ರೀಸಿನ ಕಲೆಯ ಪುಸ್ತಕವನ್ನೇ ಕೊಟ್ಟೆ. ಕೊಡುವ ಮೊದಲು ಬರೆದವರ ಮನೆಯ ಕಥೆಯನ್ನೂ ಹೇಳಿದೆ. ಅವನು ಸ್ವಲ್ಪ ಹೊತ್ತು ಪುಸ್ತಕ ತಿರುಗಿಸಿ ಮುರುಗಿಸಿ ನೋಡಿದ. ಆಮೇಲೆ ಬ್ಯಾಗಿಗೆ ಹಾಕಿಕೊಂಡ.