ಹೇಜಲ್‌ನಟ್ ಕೀಳಬೇಡಿ, ತಾನಾಗಿ ಉದುರಲಿ

ಪ್ರಶ್ನೆ: ನಮಸ್ಕಾರ ಅಕ್ಕ. ನಾವು ಕೊಂಡ ಮನೆಯ ಹಿತ್ತಲಲ್ಲಿ ಹಳೆಯ ಹೇಜಲ್‌ನಟ್ ಮರ ಇದೆ. ಅಳಿಲು, ಜೇ ಹಕ್ಕಿಗಳ ಕಾಟಕ್ಕೆ ಹೆದರಿ ಆಗಸ್ಟ್ ಮೊದಲ ವಾರದಲ್ಲೇ ಕಿತ್ತೆವು. ಒಣಗಿಸಿ ಒಡೆದರೆ ತಿರುಳು ಸುರುಟಿಕೊಂಡಿತ್ತು, ಕೆಲವು ಬರೀ ಜೊಳ್ಳು. ಯಾವಾಗ ಕೀಳಬೇಕು? ಹೇಗೆ ಇಟ್ಟರೆ ಹಾಳಾಗಲ್ಲ?
– ಓದುಗರು, ಹಿಲ್ಸ್‌ಬರೊ, ಒರೆಗಾನ್

ಉತ್ತರ: ಕೀಳಲೇಬೇಡಿ. ಅಮೆರಿಕದ ಹೇಜಲ್‌ನಟ್ ಹೆಚ್ಚುಕಡಿಮೆ ಪೂರ್ತಿ ಬರುವುದು ನಮ್ಮ ವಿಲಾಮೆಟ್ ಕಣಿವೆಯಿಂದಲೇ. ಇಲ್ಲಿನ ತೋಟದವರು ಮರಕ್ಕೆ ಕೈ ಹಾಕುವುದಿಲ್ಲ. ಮರದಡಿಯ ನೆಲ ಸಮ ಮಾಡಿಟ್ಟುಕೊಂಡು ಕಾಯುತ್ತಾರೆ. ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಹೊತ್ತಿಗೆ ಕಾಯಿ ತಾನಾಗಿ ಉದುರುತ್ತದೆ. ಆಮೇಲೆ ಗುಡಿಸಿ ಎತ್ತುತ್ತಾರೆ. ಹಿತ್ತಲಿಗೂ ಇದೇ ಸರಿಯಾದ ದಾರಿ. ಆಗಸ್ಟ್ ಮೊದಲಲ್ಲಿ ಚಿಪ್ಪು ದೊಡ್ಡದಾಗಿ ಕಂಡರೂ ಒಳಗಿನ ತಿರುಳಿನಲ್ಲಿ ನೀರೇ ಜಾಸ್ತಿ. ಒಣಗಿದಾಗ ಸುರುಟದೆ ಇನ್ನೇನಾಗುತ್ತದೆ?

ಅಳಿಲಿನ ಕಾಟ ನಿಜ, ಒಪ್ಪುತ್ತೇನೆ. ಅದಕ್ಕೊಂದು ಮಧ್ಯದ ದಾರಿ ಇದೆ. ಸೆಪ್ಟೆಂಬರ್ ಎರಡನೇ ವಾರದಿಂದ ಕೈಗೆಟುಕುವ ಗೊಂಚಲೊಂದನ್ನು ಹಿಡಿದು, ಹಸಿರು ಸಿಪ್ಪೆಯೊಳಗಿನ ಕಾಯನ್ನು ಹೆಬ್ಬೆರಳಿನಿಂದ ಒತ್ತಿ ತಿರುಗಿಸಿ ನೋಡಿ. ಬುಡ ಕಂದಾಗಿ, ಕಾಯಿ ಸಿಪ್ಪೆಯೊಳಗೆ ಸಲೀಸಾಗಿ ತಿರುಗಿದರೆ ಬಲಿತಿದೆ ಅಂತ. ಆಗ ಕೊಂಬೆಯನ್ನು ಮೆಲ್ಲಗೆ ಅಲ್ಲಾಡಿಸಿ. ಬೀಳುವಷ್ಟು ಬೀಳಲಿ, ಉಳಿದದ್ದು ಮರದಲ್ಲೇ ಇರಲಿ. ಸಿಪ್ಪೆಗೆ ಬಿಗಿಯಾಗಿ ಅಂಟಿಕೊಂಡ ಕಾಯನ್ನು ಎಳೆಯಬೇಡಿ.

ಮೊದಮೊದಲು ಉದುರುವುದರಲ್ಲಿ ಜೊಳ್ಳು, ಹುಳ ಬಿದ್ದದ್ದೇ ಜಾಸ್ತಿ. ಅದನ್ನು ನೋಡಿ ಬೇಜಾರಾಗಬೇಡಿ. ನಿಮ್ಮದು ಬಾರ್ಸಿಲೋನಾ ತಳಿ ಇರಬಹುದು. ಇಲ್ಲಿನ ಹಳೆಯ ಮರಗಳಲ್ಲಿ ಅದೇ ಹೆಚ್ಚು, ಅದರಲ್ಲಿ ಜೊಳ್ಳೂ ಹೆಚ್ಚು. ಚಿಪ್ಪಿನಲ್ಲಿ ಸಣ್ಣ ದುಂಡನೆ ತೂತಿದ್ದರೆ ಹುಳ ತಿಂದು ಹೊರಗೆ ಹೋಗಿದೆ, ಎಸೆದುಬಿಡಿ.

ಉದುರಲು ಶುರುವಾದ ಮೇಲೆ ದಿನಾ ಆರಿಸಬೇಕು. ಅಕ್ಟೋಬರಿನಲ್ಲಿ ನಮ್ಮಲ್ಲಿ ಮಳೆ ಹಿಡಿಯುತ್ತದಲ್ವಾ? ಒದ್ದೆ ಹುಲ್ಲಿನಲ್ಲಿ ಬಿದ್ದಿದ್ದರೆ ಬೂಷ್ಟು ಗ್ಯಾರಂಟಿ. ತಂದದ್ದನ್ನು ಬಕೆಟ್ ನೀರಿಗೆ ಸುರಿದು ತೊಳೆಯಿರಿ. ತೇಲಿದ್ದು ಹೆಚ್ಚಾಗಿ ಜೊಳ್ಳು, ತೆಗೆದುಹಾಕಿ. ಮುಳುಗಿದ್ದನ್ನು ಅವತ್ತೇ ಒಣಗಿಸಲು ಹಾಕಿ.

ಜನ ಅವಸರ ಮಾಡುವುದು ಈ ಹಂತದಲ್ಲೇ. ಓವನ್ನಿನ ಜೋರು ಬಿಸಿ ಬೇಡವೇ ಬೇಡ. ಡೀಹೈಡ್ರೇಟರ್ ಇದ್ದರೆ 35ರಿಂದ 40 ಡಿಗ್ರಿ ಸೆಲ್ಸಿಯಸ್‌ನಲ್ಲಿಟ್ಟು, ಒಂದೇ ಪದರವಾಗಿ ಹರಡಿ. ಎರಡು ಮೂರು ದಿನ ಬೇಕಾಗುತ್ತದೆ. ಇಲ್ಲದಿದ್ದರೆ ಹೀಟರ್ ಹತ್ತಿರ ಜಾಲರಿಯ ತಟ್ಟೆಯಲ್ಲಿ ಹರಡಿ ದಿನಾ ಕೈಯಾಡಿಸಿ, ಇನ್ನೂ ಜಾಸ್ತಿ ದಿನ ಹಿಡಿಯುತ್ತದೆ. ನಮ್ಮೂರ ಕಡೆ ಚಾಲಿ ಅಡಿಕೆಯನ್ನು ಕಿವಿ ಹತ್ತಿರ ಅಲ್ಲಾಡಿಸಿ ನೋಡುವ ಹಾಗೆ ಇದನ್ನೂ ಅಲ್ಲಾಡಿಸಬಹುದು, ಕಟಕಟ ಅನ್ನುತ್ತದೆ. ಆದರೆ ಆ ಸದ್ದನ್ನೇ ನಂಬಿ ಡಬ್ಬ ಮುಚ್ಚಬೇಡಿ. ಎರಡು ಮೂರು ಒಡೆದು ತಿರುಳನ್ನು ಮುರಿದು ನೋಡಿ. ಒಳಗೆ ಬಿಳಿಯಾಗಿ, ರಬ್ಬರಿನಂತೆ ಬಾಗಿದರೆ ಇನ್ನೂ ಒಣಗಬೇಕು. ಕೆನೆ ಬಣ್ಣ ಬಂದು ಚಟ್ ಅಂತ ಮುರಿದರೆ ಸಾಕು.

ಚಿಪ್ಪು ಸಮೇತ ಬಟ್ಟೆ ಚೀಲದಲ್ಲಿ ತಂಪಾದ, ಒಣ ಜಾಗದಲ್ಲಿಟ್ಟರೆ ಮುಂದಿನ ಬೆಳೆ ಬರುವವರೆಗೂ ಬರುತ್ತದೆ. ಬಿಡಿಸಿದ ತಿರುಳಿನಲ್ಲಿ ಎಣ್ಣೆ ಜಾಸ್ತಿ, ಹೊರಗಿಟ್ಟರೆ ಕಮಟು ಹಿಡಿಯುತ್ತದೆ. ಗಾಳಿಯಾಡದ ಡಬ್ಬದಲ್ಲಿ ಹಾಕಿ ಫ್ರೀಜರಿನಲ್ಲಿಡಿ, ವರ್ಷಕ್ಕೂ ಹೆಚ್ಚು ಇರುತ್ತದೆ. ಬೂಷ್ಟು ಕಂಡ ತಿರುಳನ್ನು ಕೆರೆದು ತಿನ್ನಬೇಡಿ, ಮಕ್ಕಳಿಗಂತೂ ಕೊಡಲೇಬೇಡಿ. ಬೇಕೆನಿಸಿದಾಗ ಬೇಕಾದಷ್ಟನ್ನೇ ತೆಗೆದು 140 ಡಿಗ್ರಿ ಸೆಲ್ಸಿಯಸ್ ಓವನ್ನಿನಲ್ಲಿ ಕಾಲು ಗಂಟೆ ಹುರಿದು, ಬಿಸಿಯಿರುವಾಗಲೇ ಒರಟು ಬಟ್ಟೆಯಲ್ಲಿ ಉಜ್ಜಿ. ಒಗರು ಸಿಪ್ಪೆ ಬಹುಪಾಲು ಬಿಟ್ಟುಕೊಳ್ಳುತ್ತದೆ. ಹುರಿದದ್ದನ್ನು ಬಹಳ ದಿನ ಇಡಬೇಡಿ, ಆ ವಾರದಲ್ಲೇ ತಿಂದು ಮುಗಿಸಿ.