ಪಾರ್ಕರ್ ಕೋವಿಗೆ ಅಡ್ವಾನ್ಸ್ ಕೊಡುವ ಮುಂಚೆ

ಪಾರ್ಕರ್ ಡಿಎಚ್ ಅನ್ನೋ ಹಳೇ ಅಮೆರಿಕನ್ ಜೋಡಿನಳಿಗೆ ಕೋವಿಗೆ ಅಡ್ವಾನ್ಸ್ ಕಳಿಸಲೇ ಅಂತ ಕೇಳಿದ್ದೀರಿ. ಕಳಿಸಬೇಡಿ ಮಾರಾಯ್ರೆ, ಸ್ವಲ್ಪ ತಡೀರಿ. ನೀವು ಹಾಕಿರುವ ಪಾರ್ಕರ್ ಡಿಎಚ್ ಫೋಟೊಗಳಲ್ಲಿ ನಾಲ್ಕನೆಯದನ್ನು ದೊಡ್ಡದು ಮಾಡಿ ನೋಡಿ. ವಾಟರ್ ಟೇಬಲ್ ಮೇಲೆ, ಅಂದರೆ ನಳಿಗೆ ಕೂರುವ ಫ್ರೇಮಿನ ಚಪ್ಪಟೆ ಜಾಗದಲ್ಲಿ, ಡಿ ಗ್ರೇಡಿನ ಗುರುತಾದ 3 ಇದೆ. ಎರಡು ನಳಿಗೆಗಳ ನಡುವಿನ ಪಟ್ಟಿ, ಅಂದರೆ ರಿಬ್, ಅದರ ಮೇಲೆ ಮಾತ್ರ ಉಕ್ಕಿನ ಹೆಸರು 'ವಲ್ಕನ್ ಸ್ಟೀಲ್'. ವಲ್ಕನ್ ಬರುವುದು ಕಮ್ಮಿ ಗ್ರೇಡಿನ ವಿಎಚ್‌ಗೆ. ಡಿ ಗ್ರೇಡ್ ಆಗಿದ್ದರೆ 'ಟೈಟಾನಿಕ್ ಸ್ಟೀಲ್' ಇರಬೇಕಿತ್ತು, ಅಲ್ವಾ?

ನಾನೂ ಇದೇ ಹಳ್ಳಕ್ಕೆ ಬಿದ್ದವನು. ಕೋವಿ ಕೈಗೆ ಬಂದಾಗ ಫ್ರೇಮಿನ ಮೇಲಿನ ನಾಯಿ, ಹಕ್ಕಿ ಕೆತ್ತನೆ ನೋಡಿಯೇ ಮರುಳಾದೆ. ರಿಬ್ ಓದಿ ಕೇಳಿದ್ದೂ ಹೌದು. 'ಸ್ಪೆಷಲ್ ಆರ್ಡರ್ ಸಾರ್, ಅದಕ್ಕೇ ನಳಿಗೆ ಬೇರೆ' ಅಂದರು ಮಾರಿದವರು. ತಲೆಯಾಡಿಸಿದೆ. ಮನೆಗೆ ತಂದು, ನಳಿಗೆ ಕಳಚಿ, ಟ್ಯೂಬ್‌ಲೈಟ್ ಕೆಳಗೆ ಹಿಡಿದೆ. ವಾಟರ್ ಟೇಬಲ್ ಮೇಲೆ ಬಿದ್ದ ಬೆಳಕಿನ ಗೆರೆ ನೇರವಾಗಿ ಬಂದು, ಆ 3ರ ಹತ್ತಿರ ಸೊಟ್ಟಗಾಗಿ, ಮತ್ತೆ ನೇರವಾಗುತ್ತಿತ್ತು. ಅಲ್ಲಷ್ಟೇ ಉಜ್ಜಿ ತಗ್ಗು ಮಾಡಿದ್ದರು. ಲೂಪ್ (ಭೂತಗನ್ನಡಿ) ಹಿಡಿದು ನೋಡಿದರೆ ಸೀರಿಯಲ್ ನಂಬರಿನ ಅಂಚೆಲ್ಲ ಸವೆದಿದೆ, 3 ಮಾತ್ರ ನಿನ್ನೆ ಹೊಡೆದ ಹಾಗಿದೆ. ವಿ ಅಳಿಸಿ 3 ಹೊಡೆದದ್ದು. ಕೆತ್ತನೆಯೂ ಆಮೇಲಿನದೇ.

ಹಾಗಂತ ರಿಬ್ ಹೊಂದದ ಮಾತ್ರಕ್ಕೆ ಮೋಸ ಅನ್ನೋಕಾಗಲ್ಲ. ಎರಡನೇ ಜೋಡಿ ನಳಿಗೆ ಮಾಡಿಸಿಕೊಂಡವರೂ ಇದ್ದರು. ಅದಕ್ಕೇ ಫ್ರೇಮ್, ನಳಿಗೆಯ ಲಗ್ (ಕೆಳಗಿನ ಕೊಕ್ಕೆ), ಫೋರೆಂಡಿನ (ನಳಿಗೆಯ ಕೆಳಗೆ ಕೈ ಹಿಡಿಯುವ ಮರದ) ಕಬ್ಬಿಣ, ಮೂರರಲ್ಲೂ ಒಂದೇ ಸೀರಿಯಲ್ ನಂಬರ್ ಇದೆಯೇ ನೋಡಬೇಕು. ಫೋರೆಂಡ್ ಬಿಚ್ಚೋಕೆ ಮಾರುವವರು ಹಿಂದೆ ಮುಂದೆ ನೋಡಿದರೆ ಎದ್ದು ಬನ್ನಿ. ನಂಬರ್ ಸಿಕ್ಕಮೇಲೆ ಪಾರ್ಕರ್ ಗನ್ ಕಲೆಕ್ಟರ್ಸ್ ಅಸೋಸಿಯೇಷನ್‌ನಿಂದ ಪತ್ರ ತರಿಸಿ. ಕಾರ್ಖಾನೆಯ ಹಳೇ ಪುಸ್ತಕ ನೋಡಿ ಕೊಡುತ್ತಾರೆ. ಕೆಲವು ನಂಬರಿನ ದಾಖಲೆ ಉಳಿದಿಲ್ಲ, ಅದು ಬೇರೆ ಮಾತು. ನಾನು ದುಡ್ಡು ಕೊಟ್ಟಮೇಲೆ ತರಿಸಿದ ಜಾಣ.

ನಳಿಗೆಯ ಬಾಯಿಯನ್ನೂ ನೋಡಿ. ಎರಡೂ ಕೊಳವೆ ಒಂದಕ್ಕೊಂದು ತಾಗಿಕೊಂಡಿರಬೇಕು. ನಡುವೆ ಸಂದು ಇದ್ದು ಬೆಸುಗೆ ತುಂಬಿದ್ದರೆ ಯಾರೋ ಕತ್ತರಿಸಿದ್ದಾರೆ, ಬಾಯಿ ಹತ್ತಿರ ನಳಿಗೆ ಕಿರಿದಾಗುವ ಚೋಕೂ ಹೋಗಿರುತ್ತದೆ. ಆಮೇಲೆ ನಳಿಗೆಯನ್ನು ಲಗ್‌ನಿಂದ ತೂಗುಬಿಟ್ಟು ಬೆರಳ ಗೆಣ್ಣಿನಿಂದ ತಟ್ಟಿ. ಗಂಟೆ ಹಾಗೆ ಗುಂಯ್ ಅನ್ನಬೇಕು. ಟಪ್ ಅಂದರೆ ರಿಬ್ ಸಡಿಲ.

ಇನ್ನು ನಿಮ್ಮ ಫೋಟೊದಲ್ಲಿನ ಫ್ರೇಮಿನ ಬಣ್ಣ. ಹಿಡಿಯ ಚೆಕ್ಕರಿಂಗ್ (ಚೌಕುಳಿ ಗೀರು) ಸವೆದು ನುಣ್ಣಗಾಗಿದೆ, ಫ್ರೇಮ್ ಮಾತ್ರ ನವಿಲಿನ ಹಾಗೆ ಹೊಳೆಯುತ್ತಿದೆ. ಹೇಗೆ ಸಾಧ್ಯ? ಮತ್ತೆ ಬಣ್ಣ ಮಾಡಿಸುವುದು ತಪ್ಪಲ್ಲ, ಆದರೆ ಅದಕ್ಕೆ ಒರಿಜಿನಲ್ ರೇಟು ಯಾಕೆ ಕೊಡಬೇಕು?

ಸುಮ್ನೆ ಹೊಡೆಯೋಕೆ ಬೇಕಿದ್ದರೆ 1980ರ ದಶಕದಲ್ಲಿ ಜಪಾನಿನಲ್ಲಿ ಮಾಡಿದ ಪಾರ್ಕರ್ ರಿಪ್ರೊಡಕ್ಷನ್ (ಹೇಳಿಯೇ ಮಾಡಿದ ನಕಲು) ನನಗೆ ಜಾಸ್ತಿ ಇಷ್ಟ. ಅದರದು ಕದ್ದುಮುಚ್ಚಿ ಮಾಡಿದ ಕೆಲಸ ಅಲ್ಲ. ಇದನ್ನು ಬಿಟ್ಟು ಎಲ್.ಸಿ. ಸ್ಮಿತ್ ಅನ್ನೋ ಇನ್ನೊಂದು ಹಳೇ ಅಮೆರಿಕನ್ ಕೋವಿ ಕಡೆ ಹೋಗೋರು ಲಾಕ್ ಪ್ಲೇಟಿನ (ಪಕ್ಕದ ಲೋಹದ ತಟ್ಟೆಯ) ಹಿಂದಿನ ಮರದಲ್ಲಿ ಬಿರುಕು ಹುಡುಕಿ, ಅದರ ಹಳೇ ಕಾಯಿಲೆ ಅದು. ಯಾವುದೇ ಹಳೇ ಕೋವಿಗೂ ತೋಟೆ ಹಾಕುವ ಮುಂಚೆ ಚೇಂಬರ್ (ತೋಟೆ ಕೂರುವ ಗೂಡು) ಅಳೆಸಿ, 2¾ ಇಂಚಿಗಿಂತ ಗಿಡ್ಡ ಇರುವುದುಂಟು.

ಮೊದಲು ಫೋರೆಂಡ್ ಒಳಗಿನ ನಂಬರಿನ ಫೋಟೊ ತರಿಸಿ ಇಲ್ಲಿ ಹಾಕಿ.