‘ಯೆಸ್ ಮಿನಿಸ್ಟರ್’ನಲ್ಲಿ ಅಷ್ಟೊಂದು ನಗೋಕೆ ಏನಿದೆ?

ನೀವು ಕೇಳಿದ್ದು ಇಷ್ಟು: ಬಿಬಿಸಿಯ ಹಳೇ ಹಾಸ್ಯ ಧಾರಾವಾಹಿ ‘ಯೆಸ್ ಮಿನಿಸ್ಟರ್’ ಅನ್ನು ಎಲ್ಲರೂ ಹೊಗಳುತ್ತಾರೆ, ನಾನು ಎರಡು ಕಂತು ನೋಡಿದೆ, ಮೂರು ಜನ ಗಂಡಸರು ಒಂದು ಕೋಣೆಯಲ್ಲಿ ಕೂತು ಮಾತಾಡುತ್ತಲೇ ಇದ್ದರು, ಅದರಲ್ಲಿ ಅಂಥದ್ದೇನಿದೆ, ಮುಂದೆ ನೋಡಬೇಕಾ ಬಿಡಬೇಕಾ?

ಬಿಡಬೇಡಿ. ಆದರೆ ನೋಡುವ ರೀತಿ ಸ್ವಲ್ಪ ಬದಲಿಸಿಕೊಳ್ಳಿ. ಇದನ್ನು ತುಂಬಾ ಜನ ‘ಜಾಣ ಅಧಿಕಾರಿ, ಪೆದ್ದ ಮಂತ್ರಿ’ ಕಥೆ ಅಂತ ಹೇಳಿಬಿಡುತ್ತಾರೆ. ಹಾಗಂದುಕೊಂಡು ಕೂತರೆ ಮೂರನೇ ಕಂತಿಗೇ ಬೇಜಾರು ಬರುತ್ತದೆ. ಒಂದೇ ಜೋಕು ಎಷ್ಟು ಸಲ ನಗಿಸೀತು? ನನಗೆ ಇದು ಭಯದ ಕಥೆಯಾಗಿ ಕಾಣುತ್ತದೆ. ಇಲ್ಲಿ ಪ್ರತಿಯೊಬ್ಬನೂ ಯಾರಿಗೋ ಹೆದರಿಕೊಂಡೇ ಇರುತ್ತಾನೆ. ಅರ್ಧ ಗಂಟೆಯೊಳಗೆ ಆ ಭಯ ಒಬ್ಬನ ಮುಖದಿಂದ ಇನ್ನೊಬ್ಬನ ಮುಖಕ್ಕೆ ದಾಟುತ್ತದೆ. ನಗು ಬರೋದು ಅದು ದಾಟುವಾಗ.

ಹಿನ್ನೆಲೆ ಬೇಗ ಹೇಳಿಬಿಡುತ್ತೇನೆ. ಆಂಟನಿ ಜೇ ಮತ್ತು ಜೊನಾಥನ್ ಲಿನ್ ಸೇರಿ ಬರೆದದ್ದು. ಮೊದಲ ಕಂತು 1979ರಲ್ಲೇ ತಯಾರಾಗಿತ್ತು. ಆ ವರ್ಷ ಬ್ರಿಟನ್ನಿನಲ್ಲಿ ಚುನಾವಣೆ ಇತ್ತು, ಅದು ಮುಗಿಯಲಿ ಅಂತ ಬಿಬಿಸಿ ಕಾಯಿತು. ಧಾರಾವಾಹಿ ಹುಟ್ಟಿದ್ದೇ ಹೆದರಿಕೆಯಲ್ಲಿ ನೋಡಿ! ಕಡೆಗೆ 1980ರ ಫೆಬ್ರವರಿಯಲ್ಲಿ ಪ್ರಸಾರವಾಯಿತು. 1982ರ ಹೊತ್ತಿಗೆ ಮೂರು ಸರಣಿ ಬಂದವು. 1984ರ ಕ್ರಿಸ್‌ಮಸ್‌ಗೆ ಒಂದು ವಿಶೇಷ ಕಂತು, ಆಮೇಲೆ 1986ರಿಂದ 1988ರವರೆಗೆ ‘ಯೆಸ್, ಪ್ರೈಮ್ ಮಿನಿಸ್ಟರ್’. ಎಲ್ಲಾ ಸೇರಿ 38 ಕಂತು. ಸರ್ಕಾರದ ಒಳಗೆ ಕೆಲಸ ಮಾಡಿದವರಿಂದಲೇ ಲೇಖಕರು ಸುದ್ದಿ ತೆಗೆಯುತ್ತಿದ್ದರು. ಹಾಗಾಗಿ ಎಷ್ಟೇ ಅತಿ ಅನ್ನಿಸಿದರೂ ಯಾವುದೂ ಪೂರ್ತಿ ಸುಳ್ಳು ಅನ್ನಿಸುವುದಿಲ್ಲ.

ಈಗ ಪಾತ್ರಗಳಿಗೆ ಬರೋಣ. ಮಂತ್ರಿ ಜಿಮ್ ಹ್ಯಾಕರ್ ಆಗಿ ಪಾಲ್ ಎಡಿಂಗ್ಟನ್ ನಟಿಸಿದ್ದಾರೆ. ಹ್ಯಾಕರ್ ಮೊದಲು ಪತ್ರಿಕೆ ಸಂಪಾದಕ, ಆಮೇಲೆ ಸಂಸದ. ಅವನದು ಯಾವ ಪಕ್ಷ ಅನ್ನೋದನ್ನು ಕೊನೆವರೆಗೂ ಹೇಳುವುದೇ ಇಲ್ಲ. ಅದು ಲೇಖಕರ ಜಾಣತನ. ಯಾವ ಪಕ್ಷದವರು ನೋಡಿದರೂ ಎದುರು ಪಕ್ಷದವನೇ ಇವನು ಅಂದುಕೊಂಡು ನಗಬಹುದು. ಮೊದಲ ಕಂತು ಶುರುವಾಗೋದೇ ಚುನಾವಣೆ ಗೆದ್ದ ಹ್ಯಾಕರ್ ಪ್ರಧಾನಿಯ ಕರೆಗಾಗಿ ಮನೆಯಲ್ಲಿ ಫೋನ್ ಕಾಯುತ್ತಾ ಒದ್ದಾಡುವುದರಿಂದ. ಕರೆ ಬರುತ್ತದೆ, ಆಡಳಿತ ವ್ಯವಹಾರಗಳ ಇಲಾಖೆ ಸಿಗುತ್ತದೆ. ಇಲಾಖೆ ಲೇಖಕರ ಕಲ್ಪನೆ. ಯಾವ ಇಲಾಖೆಗೆ ಬೇಕಾದರೂ ತಲೆಹಾಕಬಹುದಾದಂಥದ್ದು, ಕಥೆಗಾರರಿಗೆ ಅದಕ್ಕಿಂತ ಅನುಕೂಲ ಇನ್ನೇನು ಬೇಕು?

ಕಚೇರಿಗೆ ಬಂದ ಮೊದಲ ದಿನದ ದೃಶ್ಯ ನೆನಪಿದೆಯಾ? ಇಲಾಖೆಯ ಅತಿ ಹಿರಿಯ ಅಧಿಕಾರಿ ಹಂಫ್ರಿ ಪರಿಚಯ ಮಾಡಿಕೊಡುತ್ತಾನೆ. ನಾನು ಪರ್ಮನೆಂಟ್ ಸೆಕ್ರೆಟರಿ, ಇವನು ನಿಮ್ಮ ಪ್ರಿನ್ಸಿಪಲ್ ಪ್ರೈವೇಟ್ ಸೆಕ್ರೆಟರಿ, ನನಗೂ ಒಬ್ಬ ಪ್ರಿನ್ಸಿಪಲ್ ಪ್ರೈವೇಟ್ ಸೆಕ್ರೆಟರಿ ಇದ್ದಾನೆ, ಹೀಗೆ ಉಸಿರು ಬಿಡದೆ ಹೇಳುತ್ತಾ ಹೋಗುತ್ತಾನೆ. ತಲೆಕೆಟ್ಟ ಹ್ಯಾಕರ್, ಇವರೆಲ್ಲರಿಗೂ ಟೈಪ್ ಮಾಡೋಕೆ ಬರುತ್ತಾ ಅಂತ ಕೇಳುತ್ತಾನೆ. ನಮಗ್ಯಾರಿಗೂ ಬರೋದಿಲ್ಲ, ಟೈಪ್ ಮಾಡೋದು ಮಿಸೆಸ್ ಮೆಕೇ, ಅವರು ಸೆಕ್ರೆಟರಿ ಅಂತ ಉತ್ತರ. ಹ್ಯಾಕರ್ ಮುಖ ನೋಡಬೇಕು ಆಗ. ಗೆದ್ದು ಬಂದ ಹುಮ್ಮಸ್ಸು ಇನ್ನೂ ಆರಿಲ್ಲ, ಎಲ್ಲಿ ಬಂದು ಸಿಕ್ಕಿಹಾಕಿಕೊಂಡೆ ಅನ್ನೋ ಗಾಬರಿ ಆಗಲೇ ಶುರು.

ಹ್ಯಾಕರ್ ಪೆದ್ದನಲ್ಲ. ಅವನಿಗೆ ಪತ್ರಿಕೆಗಳ ಭಯ, ಪ್ರಧಾನಿಯ ಭಯ, ಮತದಾರರ ಭಯ. ಒಳ್ಳೆಯದು ಮಾಡಬೇಕು ಅಂತ ನಿಜವಾಗಿಯೂ ಆಸೆ ಇದೆ. ಆದರೆ ಮಾರನೇ ದಿನದ ಪೇಪರ್‌ನಲ್ಲಿ ಹೆಸರು ಕೆಡಬಾರದು. ಈ ದೌರ್ಬಲ್ಯ ಹಂಫ್ರಿಗೆ ಗೊತ್ತು. ಅದಕ್ಕೇ ಮಂತ್ರಿಯ ಯೋಜನೆ ಕೆಟ್ಟದ್ದು ಅಂತ ಅವನು ವಾದ ಮಾಡುವುದೇ ಇಲ್ಲ. ‘ತುಂಬಾ ಧೈರ್ಯದ ನಿರ್ಧಾರ ಸಾರ್’ ಅಂತಾನೆ, ಅಷ್ಟೇ. ವಿವಾದದ ನಿರ್ಧಾರ ಅಂದರೆ ಒಂದಿಷ್ಟು ಓಟು ಹೋಗುತ್ತದೆ, ಧೈರ್ಯದ ನಿರ್ಧಾರ ಅಂದರೆ ಚುನಾವಣೆಯೇ ಹೋಗುತ್ತದೆ. ಹ್ಯಾಕರ್ ಬಣ್ಣ ಬಿಳಿಚಿಕೊಳ್ಳುತ್ತದೆ, ಕಡತ ಮುಚ್ಚುತ್ತದೆ.

ಹಾಗಂತ ಪ್ರತಿ ಸಲ ಅವನೇ ಸೋಲುವುದಿಲ್ಲ. ಮೊದಲ ಸರಣಿಯಲ್ಲಿ ಜನರ ಮಾಹಿತಿಯನ್ನು ಸರ್ಕಾರ ಕಂಪ್ಯೂಟರಿನಲ್ಲಿ ಕೂಡಿಡುವ ವಿಷಯ ಬರುತ್ತದೆ. 1980ರಲ್ಲೇ! ಅದಕ್ಕೆ ಕಡಿವಾಣ ಬೇಕು ಅಂತ ಹ್ಯಾಕರ್ ಹಟ ಹಿಡಿಯುತ್ತಾನೆ, ಹಂಫ್ರಿ ಎಳೆದಾಡಿಸುತ್ತಾನೆ. ಕೊನೆಗೆ ಹ್ಯಾಕರ್ ತನಗಿಂತ ಮುಂಚೆ ಆ ಕುರ್ಚಿಯಲ್ಲಿ ಕೂತಿದ್ದ ವಿರೋಧ ಪಕ್ಷದವನ ಹತ್ತಿರವೇ ಹೋಗಿ ಗುಟ್ಟು ತಿಳಿದುಕೊಳ್ಳುತ್ತಾನೆ. ಆಮೇಲೆ ಟಿವಿ ಸಂದರ್ಶನದಲ್ಲಿ ಎಲ್ಲರ ಮುಂದೆ ದಿನಾಂಕ ಸಮೇತ ಘೋಷಿಸಿಬಿಡುತ್ತಾನೆ. ಆಗ ಹಂಫ್ರಿಗೆ ಬಾಯಿ ಕಟ್ಟುತ್ತದೆ.

ಈ ಹಂಫ್ರಿ ಆಪಲ್‌ಬಿ ಪಾತ್ರಕ್ಕೆ ನೈಜೆಲ್ ಹಾಥೋರ್ನ್ ನಾಲ್ಕು ಸಲ ಬ್ರಿಟನ್ನಿನ ದೊಡ್ಡ ಟಿವಿ ಪ್ರಶಸ್ತಿಯಾದ ಬಾಫ್ಟಾ ಪಡೆದರು. ಎಡಿಂಗ್ಟನ್ ಅವರಿಗೆ ಒಂದೂ ಬರಲಿಲ್ಲ. ನನಗೆ ಇದು ಅನ್ಯಾಯ ಅನ್ನಿಸುತ್ತದೆ. ಹಂಫ್ರಿಯ ಮಾರುದ್ದ ವಾಕ್ಯಗಳು ಎಲ್ಲರ ಬಾಯಲ್ಲೂ ಇವೆ, ಸರಿ. ಆದರೆ ಆ ವಾಕ್ಯ ಮುಗಿಯುವವರೆಗೆ ಏನೂ ಮಾತಾಡದೆ, ಅರ್ಥವಾಗುತ್ತಿದೆ ಅಂತ ನಟಿಸುತ್ತಾ, ಆಮೇಲೆ ಮೆಲ್ಲಗೆ ಕೈಚೆಲ್ಲುವ ಮುಖ ಇಲ್ಲದಿದ್ದರೆ ಅದು ಬರೀ ಬಾಯಿಪಾಠ ಆಗುತ್ತಿತ್ತು.

ಹಂಫ್ರಿಯ ಅಸಲಿ ಸ್ವಾರಸ್ಯ ಇರೋದು ಅವನು ಹೆದರಿದಾಗ. ಮೂರನೇ ಸರಣಿಯಲ್ಲಿ ಒಂದು ಕಂತಿದೆ. ಮೂವತ್ತು ವರ್ಷದ ಹಿಂದೆ ಸ್ಕಾಟ್ಲೆಂಡ್ ಕಚೇರಿಯ ಯಾರೋ ಕಿರಿಯ ಅಧಿಕಾರಿ ಒಂದು ಜಮೀನಿನ ಗುತ್ತಿಗೆ ಪತ್ರದಲ್ಲಿ ಮಾಡಿದ ತಪ್ಪಿನಿಂದ ಸರ್ಕಾರಕ್ಕೆ 4 ಕೋಟಿ ಪೌಂಡ್ ನಷ್ಟ. ಮೂವತ್ತು ವರ್ಷ ಆಯಿತಲ್ಲ, ಹಳೇ ಕಡತಗಳನ್ನು ಜನರಿಗೆ ತೆರೆಯುವ ಕಾಲ ಬಂದಿದೆ. ಆ ಅಧಿಕಾರಿ ಯಾರು ಅಂತ ಹೊರಗೆ ಹಾಕಲೇಬೇಕು ಅಂತ ಹ್ಯಾಕರ್‌ಗೆ ಉತ್ಸಾಹ. ಆ ಅಧಿಕಾರಿ ಹಂಫ್ರಿಯೇ ಅಂತ ಅವನಿಗೆ ಗೊತ್ತಿಲ್ಲ.

ಇದರ ಕೊನೆಯ ದೃಶ್ಯ ಮೊದಲು ಹೇಳಿಬಿಡುತ್ತೇನೆ. ಕಡತದಲ್ಲಿ ಇಲ್ಲದ ಕಾಗದಗಳ ಬಗ್ಗೆ ಪತ್ರಿಕೆಯವರಿಗೆ ಏನು ಹೇಳಲಿ ಅಂತ ಹ್ಯಾಕರ್ ಕೇಳುತ್ತಾನೆ. ಇಂಥ ಹೊತ್ತಲ್ಲಿ ನಾವು ಮಾಮೂಲಾಗಿ ಮಾಡೋದು ಇದು ಅಂತ ಹಂಫ್ರಿ ಒಂದು ಹಾಳೆ ಕೊಡುತ್ತಾನೆ. ಹ್ಯಾಕರ್ ಓದುತ್ತಾನೆ: ಈ ಕಡತದಲ್ಲಿ ಎಲ್ಲಾ ದಾಖಲೆಗಳೂ ಇವೆ. ಕೆಲವು ರಹಸ್ಯ ಪತ್ರಗಳು ಮಾತ್ರ ಇಲ್ಲ, ಇನ್ನೂ ಚಾಲ್ತಿಯಲ್ಲಿರುವ ಕಡತಗಳಿಗೆ ಸೇರಿದವು ಇಲ್ಲ, 1967ರ ಪ್ರವಾಹದಲ್ಲಿ ಹೋದವು ಇಲ್ಲ, ಕಚೇರಿ ಲಂಡನ್ನಿಗೆ ಬಂದಾಗ ಕಳೆದವು ಇಲ್ಲ, ಯಾರದಾದರೂ ಮಾನ ಹೋಗಬಹುದಾದವು ಇಲ್ಲ. ಓದಿ ಮುಗಿಸಿ, ಹಾಗಾದರೆ ನೋಡೋಕೆ ಎಷ್ಟು ಉಳಿಯುತ್ತೆ ಅಂತ ಕೇಳುತ್ತಾನೆ. ನೂರಾ? ಐವತ್ತಾ? ಹತ್ತಾ? ಹಂಫ್ರಿ ತುಟಿ ಬಿಚ್ಚುವುದಿಲ್ಲ. ಇಳಿದು ಇಳಿದು ಸೊನ್ನೆಗೆ ಬಂದಾಗ ಹೌದು ಅಂತಾನೆ. ಓದುವ ಮಧ್ಯೆ, 1967ರಲ್ಲಿ ಅಷ್ಟು ಕೆಟ್ಟ ಚಳಿಗಾಲ ಇತ್ತಾ ಅಂತ ಹ್ಯಾಕರ್ ಕೇಳಿದರೆ, ಇಲ್ಲ ಸಾರ್, ಅದ್ಭುತವಾದ ಚಳಿಗಾಲ, ಎಷ್ಟೊಂದು ಮುಜುಗರದ ಕಡತಗಳು ಕಳೆದುಹೋದವು ಅಂತ ಉತ್ತರ.

ಇಷ್ಟು ಹೊತ್ತಿಗೆ ವಿಷಯ ಹ್ಯಾಕರ್‌ಗೆ ಗೊತ್ತಾಗಿಹೋಗಿರುತ್ತದೆ. ಅದಕ್ಕೂ ಮುಂಚೆ ಹಂಫ್ರಿ ಮಂತ್ರಿಯ ಮುಂದೆ ತಪ್ಪು ಒಪ್ಪಿಕೊಳ್ಳಬೇಕಾಗುತ್ತದೆ. ಕ್ಯೂ ತಪ್ಪಿಸಿ ಸಿಕ್ಕಿಬಿದ್ದ ಹುಡುಗನ ಹಾಗೆ ಇರುತ್ತದೆ ಅವನ ಮುಖ. ಹ್ಯಾಕರ್ ಅವನನ್ನು ಮನೆಗೆ ಕಳಿಸುವುದಿಲ್ಲ, ಬಾಯಿ ಮುಚ್ಚಿಕೊಳ್ಳೋಕೆ ಬದಲಾಗಿ ತನಗೆ ಬೇಕಾದ ಕೆಲಸ ಮಾಡಿಸಿಕೊಳ್ಳುತ್ತಾನೆ. ಅಷ್ಟರಮಟ್ಟಿಗೆ ಅವನೂ ಹಂಫ್ರಿಯಿಂದ ಕಲಿತಿದ್ದಾನೆ.

ಇನ್ನೊಂದು, ‘ಯೆಸ್, ಪ್ರೈಮ್ ಮಿನಿಸ್ಟರ್’ನಲ್ಲಿ ಬರೋದು. ಹ್ಯಾಕರ್ ಈಗ ಪ್ರಧಾನಿ. ಸಲಹೆಗಾರ್ತಿ ಡೊರೊತಿ ವೈನ್‌ರೈಟ್ ಕೊಟ್ಟ ಐಡಿಯಾ ಹಿಡಿದು, ಹಂಫ್ರಿ ಬೇಕೆಂದಾಗ ಪ್ರಧಾನಿ ಮನೆಯೊಳಗೆ ನುಗ್ಗಲು ಬಳಸುತ್ತಿದ್ದ ಬಾಗಿಲಿನ ಬೀಗದ ಕೈ ಕಿತ್ತುಕೊಳ್ಳುತ್ತಾರೆ. ಬ್ರಿಟಿಷ್ ಸರ್ಕಾರವನ್ನೇ ನಡೆಸುತ್ತೇನೆ ಅಂದುಕೊಂಡಿದ್ದ ದೊಡ್ಡ ಮನುಷ್ಯ ಕಿಟಕಿ ಹತ್ತಿ ಒಳಗೆ ಬರೋಕೆ ಹೋಗಿ ಅಲಾರಂ ಬಾರಿಸಿಬಿಡುತ್ತಾನೆ. ಬರೀ ಮಾತು ಅಂದಿರಲ್ಲ, ಈ ಕಂತು ನೋಡಿ.

ಹ್ಯಾಕರ್‌ನ ಆ ಪ್ರಿನ್ಸಿಪಲ್ ಪ್ರೈವೇಟ್ ಸೆಕ್ರೆಟರಿ ಬರ್ನಾರ್ಡ್ ವುಲಿಯಾಗಿ ಡೆರೆಕ್ ಫೌಲ್ಡ್ಸ್. ನನಗೆ ಅತಿ ಇಷ್ಟದ ಪಾತ್ರ ಇವನೇ. ಸಂಬಳ, ಬಡ್ತಿ ಎಲ್ಲಾ ಹಂಫ್ರಿ ಕೈಯಲ್ಲಿ, ದಿನಾ ಕೆಲಸ ಮಾಡೋದು ಹ್ಯಾಕರ್ ಜೊತೆ. ಇಬ್ಬರಲ್ಲಿ ಯಾರಿಗೆ ಜಾಸ್ತಿ ಹೆದರಬೇಕು ಅನ್ನೋದೇ ಅವನ ಕಷ್ಟ. ತಪ್ಪಿಸಿಕೊಳ್ಳೋಕೆ ಅವನು ಹುಡುಕಿಕೊಂಡ ದಾರಿ ಅಂದರೆ ಯಾರಾದರೂ ಉಪಮೆ ಕೆಡಿಸಿದರೆ, ವ್ಯಾಕರಣ ತಪ್ಪಿದರೆ ಅಡ್ಡಬಾಯಿ ಹಾಕಿ ತಿದ್ದುವುದು. ಮುಖ್ಯವಾದ ಗಳಿಗೆಯಲ್ಲೇ ಇದನ್ನು ಮಾಡಿ ಇಬ್ಬರಿಂದಲೂ ಬೈಸಿಕೊಳ್ಳುತ್ತಾನೆ.

ಅವನ ಮೇಲೆ ಹಂಫ್ರಿ ಮಾಡುವ ಸಮೀಕ್ಷೆಯ ಪ್ರಯೋಗವಂತೂ ಇವತ್ತಿಗೂ ಹಳೆಯದಾಗಿಲ್ಲ. ಯುವಕರಿಗೆ ಕಡ್ಡಾಯ ಸೇನಾ ಸೇವೆ ಬೇಕು ಅಂತ ಸಮೀಕ್ಷೆಯಲ್ಲಿ ಜನ ಹೇಳಿದ್ದಾರೆ ಅಂತ ಬರ್ನಾರ್ಡ್ ಹೇಳುತ್ತಾನೆ. ಹಂಫ್ರಿ ಕೇಳುತ್ತಾನೆ: ಹುಡುಗರಿಗೆ ಕೆಲಸ ಇಲ್ಲ ಅನ್ನೋ ಚಿಂತೆ ಇದೆಯಾ? ಹೌದು. ಅಪರಾಧ ಜಾಸ್ತಿ ಆಗುತ್ತಿದೆಯಾ? ಹೌದು. ಶಾಲೆಗಳಲ್ಲಿ ಶಿಸ್ತು ಕಮ್ಮಿ ಆಗಿದೆಯಾ? ಹೌದು. ಹಾಗಾದರೆ ಸೇನಾ ಸೇವೆ ಬೇಕಾ? ಬೇಕು. ತಕ್ಷಣ ಇನ್ನೊಂದು ಸುತ್ತು: ಯುದ್ಧದ ಭಯ ಇದೆಯಾ? ಹುಡುಗರ ಕೈಗೆ ಬಂದೂಕು ಕೊಟ್ಟು ಕೊಲ್ಲೋದು ಕಲಿಸುವುದು ಅಪಾಯ ಅಲ್ವಾ? ಇಷ್ಟ ಇಲ್ಲದವರನ್ನು ಬಲವಂತ ಮಾಡುವುದು ತಪ್ಪಲ್ವಾ? ಹಾಗಾದರೆ ಸೇನಾ ಸೇವೆಗೆ ವಿರೋಧ ತಾನೇ? ಹೌದು ಅಂತ ಬಾಯಿಂದ ಬಂದಮೇಲೆ ಬರ್ನಾರ್ಡ್‌ಗೆ ತಾನು ಏನಂದೆ ಅಂತ ಹೊಳೆಯುತ್ತದೆ. ಎರಡು ನಿಮಿಷವೂ ಹಿಡಿಯದ ದೃಶ್ಯ. ಚುನಾವಣೆ ಹತ್ತಿರ ಬಂದಾಗಲೆಲ್ಲ ನಾನು ಯಾರಿಗಾದರೂ ಇದನ್ನು ಕಳಿಸುತ್ತಿರುತ್ತೇನೆ.

ಸಿಟ್ಟು ಬರಿಸುವ ಕಂತುಗಳೂ ಇವೆ. ಲಂಡನ್ನಿನ ಒಂದು ಹೊಸ ಆಸ್ಪತ್ರೆಯಲ್ಲಿ 500ಕ್ಕೂ ಹೆಚ್ಚು ನೌಕರರು ಇರುತ್ತಾರೆ, ಒಬ್ಬನೇ ಒಬ್ಬ ರೋಗಿ ಇರುವುದಿಲ್ಲ. ಅಲ್ಲಿನ ಮುಖ್ಯಸ್ಥೆಗೆ ಅದರಲ್ಲಿ ಏನೂ ವಿಚಿತ್ರ ಕಾಣುವುದಿಲ್ಲ. ಸ್ವಚ್ಛತೆಗೆ ಬಹುಮಾನದ ಮಾತು ಬೇರೆ. ನಗುತ್ತೀರಿ, ಆದರೆ ಹಲ್ಲು ಕಚ್ಚಿಕೊಂಡು.

ಆಗ ಬ್ರಿಟನ್ನಿನ ಪ್ರಧಾನಿಯಾಗಿದ್ದ ಮಾರ್ಗರೆಟ್ ಥ್ಯಾಚರ್ ಈ ಧಾರಾವಾಹಿಯ ದೊಡ್ಡ ಅಭಿಮಾನಿಯಾಗಿದ್ದರು. 1984ರ ಜನವರಿಯಲ್ಲಿ ಒಂದು ಪ್ರಶಸ್ತಿ ಸಮಾರಂಭದಲ್ಲಿ ತಾನೇ ಪ್ರಧಾನಿಯಾಗಿ ಎಡಿಂಗ್ಟನ್, ಹಾಥೋರ್ನ್ ಜೊತೆ ಒಂದು ಪುಟ್ಟ ಪ್ರಹಸನ ಆಡಿದರು. ನಟರಿಬ್ಬರಿಗೂ ಇಷ್ಟವಿರಲಿಲ್ಲ. ಹಾಸ್ಯ ಧಾರಾವಾಹಿ ಕ್ಷೇತ್ರದಲ್ಲಿ ಪ್ರಧಾನಿಯವರು ಕೊನೆಗೂ ತಮ್ಮ ಸರಿಯಾದ ಜಾಗಕ್ಕೆ ಬಂದರು ಅಂತ ಲಿನ್ ವಂದನೆ ಹೇಳಿದರಂತೆ!

ನಮ್ಮ ಕಡೆಗೂ ಒಂದು ಕೊಂಡಿ ಇದೆ. 2001ರಲ್ಲಿ ಸ್ಟಾರ್ ಪ್ಲಸ್‌ನಲ್ಲಿ ‘ಜೀ ಮಂತ್ರೀಜೀ’ ಅಂತ ಹಿಂದಿ ರೂಪ ಬಂತು, ಫಾರೂಕ್ ಶೇಖ್ ಮಂತ್ರಿ. ಒಳ್ಳೆಯ ನಟರಿದ್ದರೂ ನನಗೆ ಅದು ಅಷ್ಟು ರುಚಿಸಲಿಲ್ಲ. ಕಾರಣ ಭಯದ ಲೆಕ್ಕಾಚಾರವೇ ಇರಬೇಕು. ಬ್ರಿಟನ್ನಿನಲ್ಲಿ ಮಂತ್ರಿ ಬರುತ್ತಾನೆ ಹೋಗುತ್ತಾನೆ, ಪರ್ಮನೆಂಟ್ ಸೆಕ್ರೆಟರಿ ಅಲ್ಲೇ ಇರುತ್ತಾನೆ. ಮಂತ್ರಿ ಅವನನ್ನು ಸುಲಭವಾಗಿ ಅಲುಗಾಡಿಸೋಕೆ ಆಗುವುದಿಲ್ಲ. ನಮ್ಮಲ್ಲಿ ಮಂತ್ರಿಗೆ ಸಿಟ್ಟು ಬಂದರೆ ಅಧಿಕಾರಿಗೆ ಎತ್ತಂಗಡಿ. ಹಂಫ್ರಿಯನ್ನು ಸಂಜೆಯೊಳಗೆ ಬೇರೆ ಇಲಾಖೆಗೆ ಹಾಕಬಹುದಾದರೆ ಕಥೆ ಎರಡನೇ ಕಂತಿಗೇ ಮುಗಿಯಿತಲ್ಲ! ಇನ್ನು ‘ಪರಿಶೀಲನೆಯಲ್ಲಿದೆ’ ಅಂದರೆ ಕಡತ ಕಳೆದಿದೆ, ‘ಸಕ್ರಿಯ ಪರಿಶೀಲನೆಯಲ್ಲಿದೆ’ ಅಂದರೆ ಹುಡುಕುತ್ತಿದ್ದೇವೆ ಅನ್ನೋ ಜೋಕಿಗೆ ಮಾತ್ರ ಅನುವಾದವೇ ಬೇಡ. ತಾಲೂಕು ಕಚೇರಿಗೆ ಅಲೆದ ಯಾರಿಗೆ ಬೇಕಾದರೂ ಅರ್ಥವಾಗುತ್ತದೆ.

ಕೊರತೆ ಇಲ್ಲ ಅಂತಲ್ಲ. ಹೆಂಗಸರ ಪಾತ್ರ ತುಂಬಾ ಕಮ್ಮಿ. ಹ್ಯಾಕರ್ ಹೆಂಡತಿ ಆ್ಯನಿ ಎಲ್ಲರಿಗಿಂತ ವಿವೇಕಿ, ಆದರೆ ಬಂದು ಹೋಗುತ್ತಾಳೆ ಅಷ್ಟೇ. ಪ್ರಧಾನಿಯಾದ ಮೇಲಿನ ಕೊನೆಯ ಸರಣಿಯಲ್ಲಿ ಕೆಲವು ಕಂತು ಸವಕಲು ಅನ್ನಿಸುತ್ತವೆ. 2013ರಲ್ಲಿ ಹೊಸ ನಟರನ್ನು ಹಾಕಿ ಮತ್ತೆ ತೆಗೆದರು. ಅದರ ಗೊಡವೆಗೆ ಹೋಗಬೇಡಿ.

ಮೊದಲಿನಿಂದ ಸಾಲಾಗಿ ನೋಡಲೇಬೇಕು ಅಂತೇನಿಲ್ಲ. ಆಸ್ಪತ್ರೆ ಕಂತು ‘ದಿ ಕಂಪ್ಯಾಷನೇಟ್ ಸೊಸೈಟಿ’, ಕಡತ ಕಳೆಯುವ ‘ದಿ ಸ್ಕೆಲಿಟನ್ ಇನ್ ದಿ ಕಬರ್ಡ್’, ಕಿಟಕಿ ಹತ್ತುವ ‘ದಿ ಕೀ’, ಈ ಮೂರು ನೋಡಿ. ಅದಾದ ಮೇಲೂ ನಗು ಬರದಿದ್ದರೆ ಧಾರಾಳವಾಗಿ ಬಿಟ್ಟುಬಿಡಿ. ಸಬ್‌ಟೈಟಲ್ ಹಾಕಿಕೊಳ್ಳಿ, ಆದರೆ ಹಂಫ್ರಿಯ ಉದ್ದ ವಾಕ್ಯ ಬಂದಾಗ ನಿಲ್ಲಿಸಿ ನಿಲ್ಲಿಸಿ ಓದೋಕೆ ಹೋಗಬೇಡಿ. ಹ್ಯಾಕರ್‌ಗೂ ಅರ್ಥವಾಗಿರುವುದಿಲ್ಲ, ಆ ಹೊತ್ತಲ್ಲಿ ಅವನ ಮುಖ ನೋಡಿ.